ಮಂಡಿ ಬದಲಿಸಿದ ಮೇಲೆ ನೋವಿನ ಮಾತ್ರೆ: ಹೊಟ್ಟೆ ಕೆಡಿಸಿಕೊಳ್ಳದೆ ನುಂಗುವ ಕ್ರಮ

ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡು ಮನೆಗೆ ಬರುವವರ ಜೊತೆ ಏಳೆಂಟು ಬಗೆಯ ಮಾತ್ರೆಗಳ ಚೀಲವೂ ಬರುತ್ತದೆ. ಅದರಲ್ಲಿ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲ ಮಾತ್ರೆ ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು. ಅದು ಯಾವುದೆಂದು ಗುರುತಿಸಬೇಕು, ಎಷ್ಟು ದಿನ ನುಂಗಬೇಕೆಂದು ತಿಳಿದಿರಬೇಕು, ಅದರ ಜೊತೆ ಯಾವುದು ಸೇರಬಾರದೆಂದು ನೆನಪಿರಬೇಕು. ಮನೆಯವರ ಕೆಲಸ ಇಷ್ಟೇ ಆದರೂ ಎಡವುವವರು ಬಹಳ.

ಎಡವುವುದು ಎರಡು ಬಗೆಯಲ್ಲಿ. ಕೆಲವರು "ಪೇನ್ ಕಿಲ್ಲರ್ ತಗೊಂಡ್ರೆ ಕಿಡ್ನಿ ಹೋಗುತ್ತೆ" ಎಂದು ಮನೆಗೆ ಬಂದ ಮೂರನೇ ದಿನಕ್ಕೇ ಮಾತ್ರೆ ಬಿಡುತ್ತಾರೆ. ಆಮೇಲೆ ನೋವಿಗೆ ಹೆದರಿ ವ್ಯಾಯಾಮವನ್ನೂ ಬಿಡುತ್ತಾರೆ. ಹೊಸ ಮಂಡಿ ಎರಡು ವಾರದ ಹೊತ್ತಿಗೆ ಸುಮಾರು 90 ಡಿಗ್ರಿ ಮಡಚುವಂತಾಗಬೇಕು ಎಂಬುದು ಸಾಮಾನ್ಯ ಗುರಿ. ಆ ಅವಧಿ ಕೈತಪ್ಪಿ ಮಂಡಿ ಬಿಗಿದುಕೊಂಡರೆ, ಕೆಲವರಿಗೆ ಮತ್ತೆ ಅರಿವಳಿಕೆ ಕೊಟ್ಟು ಕಾಲು ಬಗ್ಗಿಸಬೇಕಾಗುತ್ತದೆ. ಇನ್ನು ಕೆಲವರು ಒಂದು ತಿಂಗಳಿಗೆ ಬರೆದ ಚೀಟಿಯನ್ನೇ ಮೆಡಿಕಲ್ ಶಾಪಿನಲ್ಲಿ ತಿಂಗಳುಗಟ್ಟಲೆ ತೋರಿಸಿ ಅದೇ ಮಾತ್ರೆ ತರಿಸುತ್ತಾರೆ. ಮೊದಲ ವಾರಗಳಲ್ಲಿ ಮಾತ್ರೆಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ನಿಲ್ಲಿಸುವ ದಿನಾಂಕವೇ ಇಲ್ಲದ ಮಾತ್ರೆಗೆ.

ಹೊಟ್ಟೆಗೆ ಏಟು ಬೀಳುವುದು ಎಲ್ಲಿಂದ

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಕೀಟೊರೊಲ್ಯಾಕ್, ಇಂಡೊಮೆಥಾಸಿನ್ ಇವೆಲ್ಲ ಬಾವು ಇಳಿಸುವ ನೋವಿನ ಮಾತ್ರೆಗಳು. ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುವುದನ್ನು ಇವು ತಡೆಯುತ್ತವೆ. ಆಸ್ಪಿರಿನ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ ಎಂದು 1971ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜಾನ್ ವೇನ್. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ತೊಡಕೇನೆಂದರೆ, ಮಂಡಿಯಲ್ಲಿ ಬಾವು ಮತ್ತು ನೋವು ತರುವ ಇದೇ ರಾಸಾಯನಿಕ ಜಠರದ ಒಳಗೋಡೆಗೆ ಲೋಳೆ ಬಳಿದು, ರಕ್ತ ಹರಿಸಿ, ಆಮ್ಲದಿಂದ ಕಾಪಾಡುತ್ತದೆ. ಅದನ್ನು ತಡೆದರೆ ಮಂಡಿಗೆ ಹಿತ, ಹೊಟ್ಟೆಗೆ ಅಹಿತ.

ಇದನ್ನು ಅರ್ಥ ಮಾಡಿಕೊಂಡರೆ ಒಂದು ದೊಡ್ಡ ತಪ್ಪು ತಿಳಿವಳಿಕೆ ಹೋಗುತ್ತದೆ. ಊಟ ಮಾಡಿ ಮಾತ್ರೆ ನುಂಗಿದರೆ ಹುಣ್ಣಾಗುವುದಿಲ್ಲ ಎಂದು ಬಹುತೇಕರು ನಂಬಿದ್ದಾರೆ. ಊಟವಾದ ಮೇಲೆ ನುಂಗಿದರೆ ಉರಿ, ವಾಕರಿಕೆ ಕಡಿಮೆಯಾಗುತ್ತದೆ, ನಿಜ. ಆದರೆ ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಜಠರದ ರಕ್ಷಣೆಯನ್ನು ತಗ್ಗಿಸುತ್ತಲೇ ಇರುತ್ತದೆ. ಆದ್ದರಿಂದ ಹೊಟ್ಟೆ ತುಂಬ ಮುದ್ದೆ ಉಂಡು ನುಂಗಿದರೂ ಹುಣ್ಣಾಗಬಹುದು. "ಮಾತ್ರೆ ಹೊಟ್ಟೆಗೆ ಆಗಲ್ಲ, ಇಂಜೆಕ್ಷನ್ ಹಾಕಿಬಿಡಿ" ಎನ್ನುವವರಿಗೂ ಇದೇ ಉತ್ತರ: ಸೂಜಿಯಿಂದ ಹೋದ ಡೈಕ್ಲೋಫೆನಾಕ್ ಕೂಡ ರಕ್ತದ ಮೂಲಕ ಜಠರದ ಗೋಡೆಗೇ ತಲುಪುತ್ತದೆ. ಆಪರೇಷನ್ ನಂತರ ರಕ್ತ ತೆಳು ಮಾಡುವ ಔಷಧಿಯಲ್ಲಿರುವವರು ಬೀದಿ ಬದಿಯ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡರೆ ಸ್ನಾಯುವಿನೊಳಗೆ ರಕ್ತ ಸೋರಿ ಗಡ್ಡೆಕಟ್ಟುವ ಅಪಾಯ ಬೇರೆ.

ಪ್ರೊಸ್ಟಾಗ್ಲಾಂಡಿನ್ ತಯಾರಿಸುವ ಕಿಣ್ವಗಳಲ್ಲಿ ಮುಖ್ಯವಾದವು ಎರಡು, ಕಾಕ್ಸ್-1 ಮತ್ತು ಕಾಕ್ಸ್-2. ಹೊಟ್ಟೆಯ ರಕ್ಷಣೆಯೂ ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಅಂಟಿಕೊಂಡು ರಕ್ತ ನಿಲ್ಲಿಸುವುದೂ ಹೆಚ್ಚಾಗಿ ಮೊದಲನೆಯದರ ಕೆಲಸ. ಬಾವು ಹೆಚ್ಚಾಗಿ ಎರಡನೆಯದರದು. ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಎಂಬ ಬಾವಿನ ಮಾತ್ರೆಗಳು ಎರಡನೆಯದನ್ನೇ ಹೆಚ್ಚು ತಡೆಯುವುದರಿಂದ ಹೊಟ್ಟೆಗೆ ಮೆದು, ರಕ್ತಸ್ರಾವವನ್ನೂ ಅಷ್ಟಾಗಿ ಹೆಚ್ಚಿಸುವುದಿಲ್ಲ. ಕೀಲು ಬದಲಾವಣೆಯ ನಂತರ ಹಲವು ಸರ್ಜನ್‌ಗಳು ಇವನ್ನೇ ಬರೆಯುವುದಕ್ಕೆ ಇದೇ ಕಾರಣ. ಹೃದಯದ ವಿಷಯ ಬೇರೆ, ಅದಕ್ಕೆ ಮುಂದೆ ಬರುತ್ತೇವೆ.

ಮೊದಲ ಹೆಜ್ಜೆ: ಆಪರೇಷನ್‌ಗೆ ಮುಂಚೆಯೇ ಹೇಳಬೇಕಾದದ್ದು

ಸರ್ಜನ್‌ಗೂ ಅರಿವಳಿಕೆ ವೈದ್ಯರಿಗೂ ಈ ವಿಷಯಗಳನ್ನು ಅವರು ಕೇಳದಿದ್ದರೂ ಹೇಳಿ:

- ಹಿಂದೆ ಯಾವಾಗಲಾದರೂ ಹೊಟ್ಟೆ ಹುಣ್ಣು, ರಕ್ತವಾಂತಿ, ಕಪ್ಪು ಮಲ ಆಗಿತ್ತೇ? ಇಪ್ಪತ್ತು ವರ್ಷದ ಹಿಂದಿನದಾದರೂ ಲೆಕ್ಕಕ್ಕೆ ಬರುತ್ತದೆ.
- ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಸ್ಟೆಂಟ್ ಹಾಕಿದ್ದಾರೆಯೇ?
- ಬಿಪಿಗೆ ಯಾವ ಮಾತ್ರೆ? ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತಪರೀಕ್ಷೆ) ಕೊನೆಯ ಬಾರಿ ಎಷ್ಟಿತ್ತು?
- ಖಿನ್ನತೆಗೆ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆ ಇದೆಯೇ? ಮನೆಯಲ್ಲಿ ಇದನ್ನು "ನಿದ್ದೆ ಮಾತ್ರೆ" ಎಂದು ಕರೆದು ಮರೆತುಬಿಟ್ಟಿರುತ್ತಾರೆ. ಇವು ಕಿರುಬಿಲ್ಲೆಗಳ ಅಂಟುವಿಕೆಯನ್ನು ತಗ್ಗಿಸಿ, ನೋವಿನ ಮಾತ್ರೆಯ ಜೊತೆ ಸೇರಿದಾಗ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.
- ಸಂಧಿವಾತಕ್ಕೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೀರಾ? ಹೆಸರಿಲ್ಲದ "ಕೀಲುನೋವಿನ ಪುಡಿ" ತಿನ್ನುತ್ತಿದ್ದರೆ ಅದನ್ನೂ ಹೇಳಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿರುವುದುಂಟು.
- ಯಾವುದಾದರೂ ನೋವಿನ ಮಾತ್ರೆಯಿಂದ ಉಬ್ಬಸ, ಮೈಮೇಲೆ ದದ್ದು ಬಂದಿತ್ತೇ? ಸಲ್ಫಾ ಅಲರ್ಜಿ ಇದ್ದರೆ ಸೆಲೆಕಾಕ್ಸಿಬ್ ಕೊಡುವುದಿಲ್ಲ.

ಹಿಂದೆ ಹುಣ್ಣಾಗಿದ್ದವರಿಗೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯದ ಪರೀಕ್ಷೆ ಆಪರೇಷನ್‌ಗೆ ಮುಂಚೆಯೇ ಆಗುವುದು ಒಳ್ಳೆಯದು. ಹುಣ್ಣಿಗೂ ಈ ಬ್ಯಾಕ್ಟೀರಿಯಕ್ಕೂ ಇರುವ ನಂಟನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಇದು ಭಾರತದಲ್ಲಿ ಬಹಳ ಜನರ ಹೊಟ್ಟೆಯಲ್ಲಿದೆ, ನೋವಿನ ಮಾತ್ರೆಯ ಜೊತೆ ಸೇರಿದರೆ ಹುಣ್ಣಿನ ಸಾಧ್ಯತೆ ಏರುತ್ತದೆ. ಮಲ ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆ ಸಾಕು. ಆದರೆ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆಯನ್ನು ಪರೀಕ್ಷೆಗೆ ಎರಡು ವಾರ ಮೊದಲೇ ನಿಲ್ಲಿಸಿರಬೇಕು, ಆಂಟಿಬಯಾಟಿಕ್ ನಾಲ್ಕು ವಾರ ಮೊದಲು. ಇಲ್ಲದಿದ್ದರೆ ಬ್ಯಾಕ್ಟೀರಿಯ ಇದ್ದರೂ ವರದಿಯಲ್ಲಿ "ಇಲ್ಲ" ಎಂದು ಬರಬಹುದು.

ಎರಡನೇ ಹೆಜ್ಜೆ: ಚೀಲವನ್ನು ಸುರಿದು ಗುಂಪು ಮಾಡಿ

ಡಿಸ್ಚಾರ್ಜ್ ಆದ ದಿನ ಸಂಜೆ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿಯಿರಿ. ಬ್ರ್ಯಾಂಡ್ ಹೆಸರು ಬಿಟ್ಟುಬಿಡಿ; ಸ್ಟ್ರಿಪ್ಪಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಬಾವಿನ ಮಾತ್ರೆ ಒಂದು ಕಡೆ, ಪ್ಯಾರಾಸಿಟಮಾಲ್ ಇನ್ನೊಂದು ಕಡೆ, ಟ್ರಮಡಾಲ್ ಥರದ ಬಲವಾದ ನೋವಿನ ಮಾತ್ರೆ ಮತ್ತೊಂದು ಕಡೆ, ರಕ್ತ ತೆಳು ಮಾಡುವುದು ಬೇರೆ, ಹೊಟ್ಟೆ ಕಾಯುವುದು (ಗ್ಯಾಸ್ ಮಾತ್ರೆ) ಬೇರೆ. ಉಳಿದ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಂಟಿಬಯಾಟಿಕ್ ಒಂದು ಬದಿಗಿರಲಿ.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಮ್ಮ ಮಾರುಕಟ್ಟೆಯಲ್ಲಿ ಎರಡು-ಮೂರು ಔಷಧಿ ಒಟ್ಟಿಗೆ ಅರೆದು ಕಟ್ಟಿದ ಮಾತ್ರೆಗಳೇ ಹೆಚ್ಚು. ಜೆರೊಡಾಲ್-ಎಸ್‌ಪಿ ಎಂದರೆ ಅಸೆಕ್ಲೋಫೆನಾಕ್ 100 ಮಿ.ಗ್ರಾಂ., ಪ್ಯಾರಾಸಿಟಮಾಲ್ 325, ಸೆರಾಶಿಯೊಪೆಪ್ಟಿಡೇಸ್ 15. ಕಾಂಬಿಫ್ಲಾಮ್ ಎಂದರೆ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325. ಅಲ್ಟ್ರಾಸೆಟ್ ಎಂದರೆ ಟ್ರಮಡಾಲ್ 37.5, ಪ್ಯಾರಾಸಿಟಮಾಲ್ 325. ಒಬ್ಬ ರೋಗಿಗೆ ದಿನಕ್ಕೆ ಮೂರು ಡೋಲೊ 650, ಎರಡು ಜೆರೊಡಾಲ್-ಎಸ್‌ಪಿ, ಎರಡು ಅಲ್ಟ್ರಾಸೆಟ್ ಇದೆ ಎನ್ನಿ. ಪ್ಯಾರಾಸಿಟಮಾಲ್ ಲೆಕ್ಕ: 1950, ಅದಕ್ಕೆ 650, ಮತ್ತೆ 650, ಒಟ್ಟು 3250 ಮಿ.ಗ್ರಾಂ. ಗಟ್ಟಿಮುಟ್ಟಾದ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4000. ವಯಸ್ಸಾದವರಿಗೆ, 50 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ, ಮದ್ಯ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತ ಕಡಿಮೆ. ಈಗ ಪಕ್ಕದ ಮನೆಯವರ ಮಾತು ಕೇಳಿ ಎರಡು ಕಾಂಬಿಫ್ಲಾಮ್ ಸೇರಿಸಿದರೆ ಪ್ಯಾರಾಸಿಟಮಾಲ್ 3900ಕ್ಕೆ ಏರಿತು. ಅದಕ್ಕಿಂತ ಕೆಟ್ಟದ್ದೆಂದರೆ, ಅಸೆಕ್ಲೋಫೆನಾಕ್ ಮತ್ತು ಐಬುಪ್ರೊಫೆನ್ ಎರಡೂ ಏಕಕಾಲಕ್ಕೆ ಹೊಟ್ಟೆ ಸೇರಿದವು.

ಬಾವಿನ ಮಾತ್ರೆ ಒಂದು ಹೊತ್ತಿಗೆ ಒಂದೇ ಬಗೆಯದು. ಎರಡು ಬಗೆ ಸೇರಿದರೆ ನೋವು ಇಮ್ಮಡಿ ಇಳಿಯುವುದಿಲ್ಲ, ಹೊಟ್ಟೆಗೆ ಬೀಳುವ ಹೊರೆ ಮಾತ್ರ ಏರುತ್ತದೆ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದು.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಇನ್ನೊಂದು ಬಲೆ ಇದೆ. ಅವರು ತಂದಿಟ್ಟ ದೊಡ್ಡ ಡಬ್ಬಿಗಳಲ್ಲಿ ಅಡ್ವಿಲ್ ಎಂದರೆ ಐಬುಪ್ರೊಫೆನ್, ಅಲೀವ್ ಎಂದರೆ ನ್ಯಾಪ್ರೊಕ್ಸೆನ್. ಟೈಲೆನಾಲ್ ಡಬ್ಬಿಯ ಮೇಲಿರುವ ಅಸಿಟಮಿನೊಫೆನ್ ನಮ್ಮ ಪ್ಯಾರಾಸಿಟಮಾಲೇ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ ಎಂದ ಮಾತ್ರಕ್ಕೆ ಅಡ್ವಿಲ್, ಅಲೀವ್ ಹೊಟ್ಟೆಗೆ ಸೌಮ್ಯವೇನಲ್ಲ. ಅಲ್ಲಿಯೇ ಆಪರೇಷನ್ ಮಾಡಿಸಿಕೊಂಡು ಇಲ್ಲಿಗೆ ಬಂದವರಿಗೂ ಈ ಹೆಸರುಗಳ ಗೊಂದಲ ಕಾಡುತ್ತದೆ.

ಗುಂಪು ಮಾಡಿದ ಮೇಲೆ ಒಂದು ಹಾಳೆಯಲ್ಲಿ ಪ್ರತಿ ಮಾತ್ರೆಯ ಮುಂದೆ ಮೂರು ವಿಷಯ ಬರೆಯಿರಿ: ಯಾತಕ್ಕೆ, ಯಾವ ಹೊತ್ತಿಗೆ, ಯಾವ ತಾರೀಖಿನವರೆಗೆ. ಚೀಟಿಯಲ್ಲಿ "1-0-1" ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. "ಎಸ್‌ಒಎಸ್" ಎಂದಿದ್ದರೆ ನೋವು ತಡೆಯದಾದಾಗ ಮಾತ್ರ. ಮೂರನೆಯ ಅಂಕಣ ಖಾಲಿ ಉಳಿದರೆ ಹೊಲಿಗೆ ಬಿಚ್ಚಿಸಲು ಹೋದಾಗ ವೈದ್ಯರ ಬಾಯಲ್ಲೇ ಕೇಳಿ ತುಂಬಿಸಿ.

ಮೂರನೇ ಹೆಜ್ಜೆ: ನಿಮ್ಮ ಅಪಾಯ ಎಷ್ಟೆಂದು ಎಣಿಸಿ

ಎಲ್ಲರ ಹೊಟ್ಟೆಯೂ ಒಂದೇ ಅಲ್ಲ. ವಯಸ್ಸು 65 ದಾಟಿದೆ, ಹಿಂದೆ ಹುಣ್ಣಾಗಿತ್ತು, ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ಇದೆ, ಸ್ಟೀರಾಯ್ಡ್ ಇದೆ, ಬಾವಿನ ಮಾತ್ರೆಯ ಪ್ರಮಾಣ ಹೆಚ್ಚಿದೆ. ಇವುಗಳಲ್ಲಿ ಎಷ್ಟಕ್ಕೆ ನಿಮ್ಮ ಉತ್ತರ ಹೌದು?

ಒಂದೂ ಇಲ್ಲದವರು ಕಡಿಮೆ ಅಪಾಯದವರು. ಒಂದೋ ಎರಡೋ ಇದ್ದರೆ ಹೊಟ್ಟೆ ಕಾಯುವ ಮಾತ್ರೆಯಿಲ್ಲದೆ ಬಾವಿನ ಮಾತ್ರೆ ಬೇಡ. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಹಿಂದೆ ಹುಣ್ಣಿನಿಂದ ರಕ್ತ ಹೋಗಿದ್ದರೆ, ಬಾವಿನ ಮಾತ್ರೆಯನ್ನೇ ಬಿಟ್ಟು ಪ್ಯಾರಾಸಿಟಮಾಲ್, ಐಸ್, ನರಕ್ಕೆ ಕೊಡುವ ಅರಿವಳಿಕೆ, ಅಲ್ಪಕಾಲದ ಟ್ರಮಡಾಲ್ ಇವುಗಳಲ್ಲಿ ನಿಭಾಯಿಸಲು ವೈದ್ಯರು ನೋಡುತ್ತಾರೆ. ಬೇಕೇಬೇಕಾದರೆ ಸೆಲೆಕಾಕ್ಸಿಬ್ ಜೊತೆ ಹೊಟ್ಟೆ ಕಾಯುವ ಮಾತ್ರೆ, ಎರಡೂ.

ಹೀಗೆ ಎರಡನ್ನೂ ಸೇರಿಸುವುದಕ್ಕೆ ಹಾಂಗ್‌ಕಾಂಗ್‌ನ ಅಧ್ಯಯನಗಳ ಬಲವಿದೆ. ಹಿಂದೆ ಹುಣ್ಣಿನಿಂದ ರಕ್ತಸ್ರಾವವಾಗಿದ್ದವರಲ್ಲಿ ಸೆಲೆಕಾಕ್ಸಿಬ್ ಒಂದೇ ಕೊಟ್ಟಾಗ ವರ್ಷದಲ್ಲಿ ಸುಮಾರು ಶೇ. 9ರಷ್ಟು ಜನರಿಗೆ ಮತ್ತೆ ರಕ್ತ ಹೋಯಿತು, ಜೊತೆಗೆ ಈಸೊಮೆಪ್ರಜೋಲ್ ಎಂಬ ಹೊಟ್ಟೆ ಕಾಯುವ ಮಾತ್ರೆ ಕೊಟ್ಟ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಇದು 2007ರಲ್ಲಿ ಪ್ರಕಟವಾದದ್ದು. ಆಸ್ಪಿರಿನ್ ಬಿಡಲಾಗದವರ ಮೇಲೆ ನಡೆದ ಇನ್ನೊಂದು ಅಧ್ಯಯನ 2017ರದು. ಎರಡೂ ಗುಂಪಿಗೆ ಈಸೊಮೆಪ್ರಜೋಲ್ ಇತ್ತು. ಹದಿನೆಂಟು ತಿಂಗಳಲ್ಲಿ ಸೆಲೆಕಾಕ್ಸಿಬ್ ಗುಂಪಿನ ಶೇ. 5.6 ಜನರಿಗೆ, ನ್ಯಾಪ್ರೊಕ್ಸೆನ್ ಗುಂಪಿನ ಶೇ. 12.3 ಜನರಿಗೆ ಮತ್ತೆ ರಕ್ತಸ್ರಾವವಾಯಿತು. ಇವರೆಲ್ಲ ತಿಂಗಳುಗಟ್ಟಲೆ ಮಾತ್ರೆ ನುಂಗಿದವರು, ಕೀಲು ಬದಲಿಸಿಕೊಂಡವರಿಗೆ ಬೇಕಾಗುವುದು ಕೆಲವೇ ವಾರ ಎಂಬುದೂ ನೆನಪಿರಲಿ.

ಕೀಲು ಬದಲಿಸಿಕೊಂಡ ಪ್ರತಿಯೊಬ್ಬರಿಗೂ ಒಂದು ಅಪಾಯ ಹೇಗೂ ಸೇರಿಕೊಳ್ಳುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಿರಲಿ ಎಂದು ಆಸ್ಪಿರಿನ್ ಅಥವಾ ರಿವರಾಕ್ಸಬಾನ್, ಅಪಿಕ್ಸಬಾನ್ ಕೊಟ್ಟಿರುತ್ತಾರೆ. ರಿವರಾಕ್ಸಬಾನ್ 10 ಮಿ.ಗ್ರಾಂ. ದಿನಕ್ಕೊಂದರಂತೆ ಮಂಡಿಗೆ 12 ದಿನ, ಸೊಂಟಕ್ಕೆ 35 ದಿನ ಎಂಬುದು ಅದರ ನಿಗದಿತ ಅವಧಿ. ಆ ದಿನಗಳಲ್ಲಿ ಬಾವಿನ ಮಾತ್ರೆಯ ಬಗ್ಗೆ ಎಚ್ಚರ ಹೆಚ್ಚಿರಲಿ, ಆದರೆ ರಕ್ತ ತೆಳು ಮಾಡುವುದನ್ನು ನೀವಾಗಿ ಬಿಡಬೇಡಿ. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಹೃದಯಕ್ಕೆಂದು ಮೊದಲಿನಿಂದಲೂ ಸಾದಾ (ಹೊದಿಕೆಯಿಲ್ಲದ) ಆಸ್ಪಿರಿನ್ ನುಂಗುವವರು ಐಬುಪ್ರೊಫೆನ್ ತೆಗೆದುಕೊಳ್ಳಬೇಕಾದರೆ ಆಸ್ಪಿರಿನ್ ಮೊದಲು, ಕನಿಷ್ಠ ಅರ್ಧ ಗಂಟೆಯ ನಂತರ ಐಬುಪ್ರೊಫೆನ್. ಮೊದಲೇ ಐಬುಪ್ರೊಫೆನ್ ಹೋಗಿ ಕೂತರೆ ಆಸ್ಪಿರಿನ್‌ಗೆ ಕೆಲಸ ಮಾಡಲು ಜಾಗವಿರುವುದಿಲ್ಲ.

ನಾಲ್ಕನೇ ಹೆಜ್ಜೆ: ಗ್ಯಾಸ್ ಮಾತ್ರೆಯನ್ನು ಸರಿಯಾದ ಹೊತ್ತಿಗೆ

ಪ್ಯಾಂಟೊಪ್ರಜೋಲ್ 40, ಒಮೆಪ್ರಜೋಲ್ 20, ರೆಬೆಪ್ರಜೋಲ್ 20 ಮಿ.ಗ್ರಾಂ.; ಇವುಗಳಲ್ಲಿ ಯಾವುದಾದರೂ ಒಂದು, ದಿನಕ್ಕೊಮ್ಮೆ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು, ನೀರಿನ ಜೊತೆ. ಊಟ ಬಂದಾಗ ಜಠರದ ಆಮ್ಲದ ಪಂಪುಗಳು ಕೆಲಸ ಶುರು ಮಾಡುತ್ತವೆ. ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿದ್ದರೆ ಅವನ್ನು ಹಿಡಿದು ನಿಲ್ಲಿಸುತ್ತದೆ. ತಿಂಡಿ ತಿಂದ ಮೇಲೆ ಎಲ್ಲ ಮಾತ್ರೆಗಳ ಜೊತೆ ಒಟ್ಟಿಗೆ ನುಂಗಿದರೆ ಅರ್ಧ ಪ್ರಯೋಜನ ಹೋಯಿತು. ಬಹುಪಾಲು ಮನೆಗಳಲ್ಲಿ ಆಗುವುದೇ ಹೀಗೆ. ಈ ಮಾತ್ರೆಯ ಮೇಲೆ ಆಮ್ಲಕ್ಕೆ ಕರಗದ ಹೊದಿಕೆ ಇರುವುದರಿಂದ ಪುಡಿ ಮಾಡಿ ಕೊಡಬಾರದು. ಕ್ಲೊಪಿಡೊಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್, ಈಸೊಮೆಪ್ರಜೋಲ್ ಬೇಡ, ಪ್ಯಾಂಟೊಪ್ರಜೋಲ್ ವಾಸಿ.

ಡಾಂಪೆರಿಡೋನ್ ಸೇರಿದ ಕ್ಯಾಪ್ಸೂಲನ್ನು, ಅಂದರೆ ಹೆಸರಿನ ಕೊನೆಗೆ "ಡಿ" ಇರುವುದನ್ನು, ಅಭ್ಯಾಸಬಲದಿಂದ ಕೊಡುವುದು ನಮ್ಮಲ್ಲಿ ಬಹಳ. ಹುಣ್ಣು ತಡೆಯುವುದರಲ್ಲಿ ಡಾಂಪೆರಿಡೋನ್ ಪಾತ್ರವಿಲ್ಲ. ಅದು ವಾಕರಿಕೆಗೆ, ಅದೂ ಕೆಲವೇ ದಿನಕ್ಕೆ. ವಯಸ್ಸಾದವರಲ್ಲಿ, ಹೃದಯದ ತೊಂದರೆ ಇರುವವರಲ್ಲಿ ಹೃದಯಬಡಿತದ ಲಯ ಕೆಡಿಸಬಹುದು. ವಾಂತಿ ಇಲ್ಲದಿದ್ದರೆ ಬರೀ ಪ್ಯಾಂಟೊಪ್ರಜೋಲ್ ಸಾಕೇ ಎಂದು ಕೇಳಿ ನೋಡಿ.

ಹೊಟ್ಟೆ ಉರಿದಾಗ ಕುಡಿಯುವ ಬಿಳಿ ಅಥವಾ ಗುಲಾಬಿ ಆಂಟಾಸಿಡ್ ದ್ರಾವಣ, ತಣ್ಣಗಿನ ಹಾಲು, ಮಜ್ಜಿಗೆ ಇವೆಲ್ಲ ಉರಿಯನ್ನು ಶಮನ ಮಾಡುತ್ತವೆ, ಹುಣ್ಣಾಗುವುದನ್ನು ತಡೆಯುವುದಿಲ್ಲ. ಉರಿ ಕಾಣದಂತೆ ಮಾಡಿ ಹುಣ್ಣನ್ನು ಮರೆಮಾಚುವುದೂ ಉಂಟು.

ಬಾವಿನ ಮಾತ್ರೆ ಶುರುವಾದ ದಿನವೇ ಗ್ಯಾಸ್ ಮಾತ್ರೆ ಶುರುವಾಗಲಿ, ಅದು ನಿಂತ ದಿನ ಇದೂ ನಿಲ್ಲಲಿ. ಆಸ್ಪಿರಿನ್ ಮುಂದುವರಿಯುತ್ತಿದ್ದರೆ ಮಾತ್ರ ವೈದ್ಯರನ್ನು ಕೇಳಿ ಮುಂದುವರಿಸಿ. ವರ್ಷಾನುಗಟ್ಟಲೆ ನುಂಗಿದರೆ ಬಿ12, ಮೆಗ್ನೀಷಿಯಂ ಕಡಿಮೆಯಾಗಬಹುದು. ಇನ್ನೊಂದು ಮಾತು: ಇದು ಜಠರ ಮತ್ತು ಅದರ ಮುಂದಿನ ಮೊದಲ ಕರುಳನ್ನು ಕಾಯುತ್ತದೆ, ಅಷ್ಟೇ. ಕೆಳಗಿನ ಕರುಳಿಗೆ, ಮೂತ್ರಪಿಂಡಕ್ಕೆ, ಹೃದಯಕ್ಕೆ ಇದರಿಂದ ರಕ್ಷಣೆ ಇಲ್ಲ.

ಐದನೇ ಹೆಜ್ಜೆ: ದಿನದ ವೇಳಾಪಟ್ಟಿ

ಸೆಲೆಕಾಕ್ಸಿಬ್ ದಿನಕ್ಕೆರಡು, ಪ್ಯಾರಾಸಿಟಮಾಲ್ 650 ದಿನಕ್ಕೆ ಮೂರು, ರಿವರಾಕ್ಸಬಾನ್ ಒಂದು ಎಂದು ಬರೆದಿದ್ದರೆ ದಿನ ಹೀಗೆ ಸಾಗಬಹುದು:

- ಬೆಳಿಗ್ಗೆ 6.30, ಕಾಫಿಗೂ ಮೊದಲು: ಪ್ಯಾಂಟೊಪ್ರಜೋಲ್. ಥೈರಾಯ್ಡ್ ಮಾತ್ರೆ ಇರುವವರು ಅದನ್ನು ಎದ್ದ ಕೂಡಲೇ ನುಂಗುವ ರೂಢಿ ಮುಂದುವರಿಸಿ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ ಕೊಡಿ.
- 8.00, ಇಡ್ಲಿಯೋ ಉಪ್ಪಿಟ್ಟೋ ಆದ ಮೇಲೆ: ಸೆಲೆಕಾಕ್ಸಿಬ್, ಪ್ಯಾರಾಸಿಟಮಾಲ್.
- 10.00: ಫಿಜಿಯೊಥೆರಪಿ. ಮಾತ್ರೆ ನುಂಗಿ ಒಂದೂವರೆ-ಎರಡು ಗಂಟೆಗೆ ಅದರ ಬಲ ಚೆನ್ನಾಗಿ ಏರಿರುತ್ತದೆ. ವ್ಯಾಯಾಮ ಮುಗಿದ ಮೇಲೆ ಐಸ್, ಬಟ್ಟೆ ಸುತ್ತಿ, 15ರಿಂದ 20 ನಿಮಿಷ.
- ಮಧ್ಯಾಹ್ನ 2.00, ಊಟದ ನಂತರ: ಪ್ಯಾರಾಸಿಟಮಾಲ್.
- ರಾತ್ರಿ 8.00, ಊಟದ ನಂತರ: ಸೆಲೆಕಾಕ್ಸಿಬ್, ರಿವರಾಕ್ಸಬಾನ್.
- 10.00: ಪ್ಯಾರಾಸಿಟಮಾಲ್, ಮಲಗುವ ಮುನ್ನ ಮತ್ತೊಮ್ಮೆ ಐಸ್.

ಪ್ಯಾರಾಸಿಟಮಾಲ್ ಜ್ವರದ ಮಾತ್ರೆ, ಅದರಿಂದ ಏನಾಗುತ್ತದೆ ಎಂದು ಕಡೆಗಣಿಸಬೇಡಿ. ಸೊಂಟದ ಕೀಲು ಬದಲಿಸಿಕೊಂಡವರ ಮೇಲೆ ಡೆನ್ಮಾರ್ಕಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಯಾರಾಸಿಟಮಾಲ್ ಮಾತ್ರ ಪಡೆದವರಿಗೆ ಮೊದಲ 24 ಗಂಟೆಯಲ್ಲಿ 36 ಮಿ.ಗ್ರಾಂ. ಮಾರ್ಫಿನ್ ಬೇಕಾಯಿತು, ಐಬುಪ್ರೊಫೆನ್ ಮಾತ್ರ ಪಡೆದವರಿಗೆ 26, ಎರಡೂ ಸೇರಿಸಿ ಪಡೆದವರಿಗೆ 20 ಸಾಕಾಯಿತು. ಬಾವಿನ ಮಾತ್ರೆ ಏಕೆ ಬೇಕು ಎಂಬುದಕ್ಕೂ, ಅದನ್ನು ಕಡಿಮೆ ಮಾಡಿದಾಗ ಜೊತೆಗೆ ಪ್ಯಾರಾಸಿಟಮಾಲ್ ಏಕಿರಬೇಕು ಎಂಬುದಕ್ಕೂ ಇದೇ ಉತ್ತರ.

ಕೀಟೊರೊಲ್ಯಾಕ್ ವಿಷಯದಲ್ಲಿ ಸಡಿಲ ಬೇಡ. ನಾಲಿಗೆಯ ಮೇಲಿಟ್ಟರೆ ಕರಗುವ ಈ ಸಣ್ಣ ಮಾತ್ರೆ ನೋವಿಗೆ ಚುರುಕು, ಹೊಟ್ಟೆಗೆ ಅಷ್ಟೇ ಕಟು. ಇಂಜೆಕ್ಷನ್ ದಿನಗಳೂ ಸೇರಿ ಒಟ್ಟು ಐದು ದಿನ ಅದರ ಮಿತಿ.

ಸೊಂಟದ ಕೀಲಿನವರಿಗೆ ಒಂದು ವಿಶೇಷ. ಹೊಸ ಕೀಲಿನ ಸುತ್ತ ಬೇಡವಾದ ಮೂಳೆ ಬೆಳೆಯದಿರಲಿ ಎಂದು ಇಂಡೊಮೆಥಾಸಿನ್ 25 ಮಿ.ಗ್ರಾಂ. ದಿನಕ್ಕೆ ಮೂರರಂತೆ ಕೆಲವರಿಗೆ ಬರೆಯುತ್ತಾರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಸುಮಾರು 900 ಜನರಿಗೆ 14 ದಿನ ಐಬುಪ್ರೊಫೆನ್ ಕೊಟ್ಟು, ಕೊಡದೆ ಹೋಲಿಸಿದ ಅಧ್ಯಯನ 2006ರಲ್ಲಿ ಹೊರಬಂತು. ಬೇಡವಾದ ಮೂಳೆ ಕಡಿಮೆಯಾಯಿತು. ಆದರೆ ಆರು-ಹನ್ನೆರಡು ತಿಂಗಳ ನಂತರದ ನೋವಿನಲ್ಲಾಗಲಿ ಓಡಾಟದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ, ಆಸ್ಪತ್ರೆಯಲ್ಲಿದ್ದಾಗ ದೊಡ್ಡ ರಕ್ತಸ್ರಾವ ಹೆಚ್ಚಾಯಿತು. ಹಾಗಾಗಿ ಈ ಕಾರಣಕ್ಕೆ ಎಲ್ಲರಿಗೂ ಬೇಕಿಲ್ಲ. ನಿಮಗೆ ಬರೆದಿದ್ದರೆ ಎಷ್ಟು ದಿನಕ್ಕೆ, ಯಾಕೆ ಎಂದು ಕೇಳಿ ತಿಳಿಯಿರಿ.

ಆರನೇ ಹೆಜ್ಜೆ: ಇಳಿಸುತ್ತ ಬರುವುದು

ಮೊದಲು ಬಿಡಬೇಕಾದದ್ದು ಟ್ರಮಡಾಲ್. ಮಲಬದ್ಧತೆ, ತಲೆಸುತ್ತು ಅದರ ಕೊಡುಗೆ. ಮಲವಿಸರ್ಜನೆಗೆ ತಿಣುಕಿದರೆ ಹೊಲಿಗೆಗೂ ನೋವು, ತಲೆ ಸುತ್ತಿ ಬಿದ್ದರೆ ಹೊಸ ಕೀಲಿಗೂ ಕೇಡು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಅದು ಬೇಕಾಗುವುದಿಲ್ಲ. ಆಮೇಲೆ ಬಾವಿನ ಮಾತ್ರೆ: ಎರಡು ವಾರದ ನಂತರ ರಾತ್ರಿಯದನ್ನು ಬಿಟ್ಟು ನೋಡಿ, ನಿದ್ದೆ ಬಂದರೆ ಹಾಗೆಯೇ ಮುಂದುವರಿಸಿ. ಬೆಳಗಿನದನ್ನು ವ್ಯಾಯಾಮಕ್ಕೆಂದು ಇನ್ನೊಂದೆರಡು ವಾರ ಇಟ್ಟುಕೊಂಡು, ಬಳಿಕ ನೋವು ಜಾಸ್ತಿಯಾದ ದಿನ ಮಾತ್ರ. ಪ್ಯಾರಾಸಿಟಮಾಲ್ ಕೊನೆಗೆ. ಬಾವಿನ ಮಾತ್ರೆಯನ್ನು ಒಂದೇ ದಿನ ನಿಲ್ಲಿಸಿದರೂ ದೇಹಕ್ಕೆ ತೊಂದರೆಯಿಲ್ಲ, ಹಂತಹಂತವಾಗಿ ಇಳಿಸುವುದು ಮಂಡಿ ಎಷ್ಟು ತಡೆಯುತ್ತದೆಂದು ತಿಳಿಯಲಿಕ್ಕೆ. ಹೆಚ್ಚಿನವರಿಗೆ ಆರು ವಾರದ ಹೊತ್ತಿಗೆ ದಿನವೂ ನುಂಗುವ ಅಗತ್ಯ ಇರುವುದಿಲ್ಲ.

ಮಂಡಿ ಮೂರು-ಆರು ತಿಂಗಳವರೆಗೆ ಸ್ವಲ್ಪ ಬೆಚ್ಚಗಿರುವುದು, ಸಂಜೆಗೆ ಊದಿಕೊಳ್ಳುವುದು ಸಹಜ. ಅದಕ್ಕೆ ಕಾಲು ಎತ್ತರಕ್ಕಿಟ್ಟು ಮಲಗುವುದು ಮತ್ತು ಐಸ್ ಸಾಕು. ಆಪರೇಷನ್ ಆಗದ ಇನ್ನೊಂದು ಮಂಡಿ ನೋಯುತ್ತಿದ್ದರೆ ಡೈಕ್ಲೋಫೆನಾಕ್ ಜೆಲ್ ಹಚ್ಚಿ; ನುಂಗಿದ್ದಕ್ಕೆ ಹೋಲಿಸಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಗಾಯದ ಮೇಲೆ ಮಾತ್ರ ಯಾವ ಜೆಲ್ಲೂ ಬೇಡ.

ಕೆಟ್ಟರೆ ಹೇಗೆ ಗೊತ್ತಾಗುತ್ತದೆ

ಹೊಟ್ಟೆನೋವು, ಎದೆಯುರಿ, ಹುಳಿತೇಗು ಬಂದರೆ ಬಾವಿನ ಮಾತ್ರೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಆದರೆ ಇವು ಬಂದೇ ಬರುತ್ತವೆ ಎಂದು ಕಾಯಬೇಡಿ. ವಯಸ್ಸಾದವರಲ್ಲಿ ಒಂದು ಚೂರೂ ನೋವಿಲ್ಲದೆ ಹುಣ್ಣು ರಕ್ತ ಸುರಿಸಬಹುದು, ಮೊದಲ ಸುಳಿವೇ ಕಪ್ಪು ಮಲವಾಗಿರಬಹುದು.

ಇಲ್ಲೊಂದು ಗೊಂದಲ. ಆಪರೇಷನ್‌ನಲ್ಲಿ ರಕ್ತ ಹೋಗಿರುವುದರಿಂದ ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ, ಅದರಿಂದಲೂ ಮಲ ಕಪ್ಪಾಗುತ್ತದೆ. ಕಬ್ಬಿಣದ ಕಪ್ಪಿನಲ್ಲಿ ಹಸಿರು ಛಾಯೆ ಇರುತ್ತದೆ, ಮಲ ಎಂದಿನಂತೆ ಗಟ್ಟಿಯಾಗಿರುತ್ತದೆ, ವಾಸನೆ ಬದಲಾಗುವುದಿಲ್ಲ. ರಕ್ತದ ಕಪ್ಪು ಡಾಂಬರಿನಂತೆ ಹೊಳೆಯುತ್ತದೆ, ಅಂಟಂಟಾಗಿರುತ್ತದೆ, ನೀರು ಹಾಕಿದರೂ ಬೇಸಿನ್ನಿಗೆ ಮೆತ್ತಿಕೊಳ್ಳುತ್ತದೆ, ಸಹಿಸಲಾರದ ದುರ್ವಾಸನೆ. ಅನುಮಾನವಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ ಡಿಸ್ಚಾರ್ಜ್ ಸಮ್ಮರಿಯಲ್ಲಿರುವ ಅಂಕಿಯೊಂದಿಗೆ ಹೋಲಿಸಿ. ದಿನ ಕಳೆದಂತೆ ಅದು ಏರಬೇಕು, ಇಳಿದಿದ್ದರೆ ರಕ್ತ ಎಲ್ಲೋ ಹೋಗುತ್ತಿರಬಹುದು.

ಡಾಂಬರಿನಂಥ ಮಲ, ರಕ್ತವಾಂತಿ ಅಥವಾ ಕಾಫಿ ಗಸಿಯಂಥ ವಾಂತಿ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ತಣ್ಣನೆಯ ಬೆವರು, ಒಮ್ಮೆಲೇ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ತೀವ್ರ ನೋವು: ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎನ್ನಬೇಡಿ. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿ, ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಮಾತ್ರೆಗಳ ಹಾಳೆ ಕೈಯಲ್ಲಿರಲಿ, ರಕ್ತ ತೆಳು ಮಾಡುವ ಮಾತ್ರೆಯನ್ನು ಕೊನೆಯ ಬಾರಿ ಎಷ್ಟು ಗಂಟೆಗೆ ನುಂಗಿದ್ದು ಎಂಬುದನ್ನು ಅಲ್ಲಿ ಮೊದಲು ಹೇಳಿ.

ಕಡಿಮೆಯಾಗುತ್ತ ಬಂದ ನೋವು ಮತ್ತೆ ಏರಿದರೆ, ಗಾಯದಿಂದ ದ್ರವ ಒಸರಿದರೆ, ಮೀನಖಂಡ ಗಟ್ಟಿಯಾಗಿ ಊದಿಕೊಂಡರೆ ಮಾತ್ರೆ ಹೆಚ್ಚಿಸಬಾರದು. ಸೋಂಕೋ ರಕ್ತದ ಹೆಪ್ಪೋ ಇರಬಹುದು, ನೋವಿನ ಮಾತ್ರೆ ಜ್ವರವನ್ನೂ ಅಡಗಿಸಿ ಅದನ್ನು ಮರೆಮಾಡುತ್ತದೆ. ಅದೇ ದಿನ ಸರ್ಜನ್‌ಗೆ ತೋರಿಸಿ.

ಕಿಡ್ನಿ ಮತ್ತು ಹೃದಯ

ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಬಾವಿನ ಮಾತ್ರೆ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ರಕ್ತ ಸಾಲದಾಗುತ್ತದೆ. ಟೆಲ್ಮಿಸಾರ್ಟನ್-ಎಚ್ ಎಂಬ ಒಂದೇ ಮಾತ್ರೆಯಲ್ಲಿ ಮೊದಲೆರಡೂ ಇರುತ್ತವೆ ಎಂಬುದನ್ನು ಗಮನಿಸಿ. ಇಂಥವರಿಗೆ ವಾಂತಿ-ಭೇದಿ ಶುರುವಾದರೆ ಬಾವಿನ ಮಾತ್ರೆ ಆ ಹೊತ್ತಿಗೇ ನಿಲ್ಲಲಿ, ಒಂದೆರಡು ವಾರಕ್ಕೆ ಕ್ರಿಯಾಟಿನಿನ್ ನೋಡಿಸಲಿ. ಕಿಡ್ನಿ ಮೊದಲೇ ಸೋತಿದ್ದರೆ ಈ ಗುಂಪಿನ ಯಾವ ಮಾತ್ರೆಯೂ ಬೇಡ, ಕಾಕ್ಸಿಬ್‌ಗಳೂ ಸೇರಿದಂತೆ. ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೆ ಏನು ಮಾಡಬಲ್ಲದು ಎಂಬುದನ್ನು ರಣಹದ್ದುಗಳಲ್ಲಿ ನೋಡಿದ್ದೇವೆ: ಈ ಔಷಧಿ ಕೊಟ್ಟಿದ್ದ ದನಗಳ ಕಳೇಬರ ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು, 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಕಾಪಾಡುತ್ತಿರುವುದು ಅಳಿದುಳಿದ ಆ ಹದ್ದುಗಳನ್ನೇ. ಮನುಷ್ಯರ ದೇಹ ಅಷ್ಟು ಸೂಕ್ಷ್ಮವಲ್ಲ, ಆದರೆ ಅಂಗ ಅದೇ.

ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರಿಗೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಎಟೊರಿಕಾಕ್ಸಿಬ್ ಸಲ್ಲದು. ಬಿಪಿ 140/90ಕ್ಕಿಂತ ಮೇಲೇ ಇರುವವರಿಗೆ ಎಟೊರಿಕಾಕ್ಸಿಬ್ ಕೊಡಬಾರದು. ಹೊಟ್ಟೆಗೆ ಹಿತವೆಂದು ಹೆಸರಾಗಿದ್ದ ರೋಫೆಕಾಕ್ಸಿಬ್ ಹೃದಯಾಘಾತ ಹೆಚ್ಚಿಸಿದ್ದರಿಂದ 2004ರಲ್ಲಿ ಮಾರುಕಟ್ಟೆಯಿಂದಲೇ ಹೋಯಿತು. ಹೊಟ್ಟೆಗೆ ಯಾವುದು ಒಳ್ಳೆಯದು ಎಂದಷ್ಟೇ ಕೇಳಿ ಮಾತ್ರೆ ಆರಿಸಬಾರದು ಎನ್ನುವುದು ಇದಕ್ಕೇ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಹೆಸರು ಮತ್ತು ಅವಧಿ ಮುಗಿಯುವ ತಿಂಗಳು ಇರುವ ತುಂಡನ್ನೇ ಕೇಳಿ ಪಡೆಯಿರಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. "ಆ ಕಂಪನಿದು ಇಲ್ಲ, ಇದೂ ಅದೇ" ಎಂದರೆ ಒಳಗಿನ ಔಷಧಿಯ ಹೆಸರೂ ಮಿ.ಗ್ರಾಂ. ಅಂಕಿಯೂ ಚೀಟಿಗೆ ತಾಳೆಯಾಗುತ್ತದೆಯೇ ನೋಡಿ. ಜನೌಷಧಿ ಕೇಂದ್ರದಲ್ಲಿ ಔಷಧಿಯ ಮೂಲ ಹೆಸರಿನಲ್ಲೇ ಕೇಳಬಹುದು. ಹಳೆಯ ಚೀಟಿಗೆ ಹೊಸ ಮಾತ್ರೆ ತರಬೇಡಿ.

ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು ಪಕ್ಕದ ಮನೆಯವರ ಮಂಡಿನೋವಿಗೆ ಹಂಚಬೇಡಿ. ಅವರ ಕಿಡ್ನಿಯ ಲೆಕ್ಕ ನಿಮಗೆ ಗೊತ್ತಿಲ್ಲ. ಬರೆದಿಟ್ಟ ಹಾಳೆಯನ್ನು ಮಾತ್ರ ಎಕ್ಸ್‌ರೇ ಫೈಲಿನಲ್ಲೇ ಇಡಿ, ಯಾವ ಮಾತ್ರೆಗೆ ಹೊಟ್ಟೆ ಉರಿಯಿತು, ಯಾವುದು ಒಗ್ಗಿತು ಎಂದು ಅದರ ಮೇಲೆ ಗುರುತು ಹಾಕಿ. ಎರಡನೇ ಮಂಡಿಯ ಆಪರೇಷನ್‌ಗೆ ಹೋದಾಗ ಅರಿವಳಿಕೆ ವೈದ್ಯರು ಕೇಳುವ ಪ್ರಶ್ನೆಗಳಿಗೆ ಅರ್ಧ ಉತ್ತರ ಆ ಹಾಳೆಯಲ್ಲೇ ಇರುತ್ತದೆ.